ತಾಯಿಯ ಕಡೆಯ ಸದಸ್ಯೆ

ಕಳೆದ ವರ್ಷ ಸಿದ್ಧಕಟ್ಟೆಯ ತರವಾಡು ಮನೆಯಲ್ಲಿ, ಅಂದರೆ ಕುಟುಂಬದ ಮೂಲಮನೆಯಲ್ಲಿ, ನಮ್ಮ ವಾರ್ಷಿಕ ಸಭೆ. ನಾನು ಕಾರ್ಯದರ್ಶಿ, ನಿಯಮಾವಳಿ ಬರೆದವಳೂ ನಾನೇ. ಮುಂಬೈಯಿಂದ ಬಂದ ಹುಡುಗಿಯೊಬ್ಬಳು ಸದಸ್ಯತ್ವ ಕೇಳಿದಳು. ಅವಳ ತಾಯಿ ನಮ್ಮವಳು, ತಂದೆ ಪಂಜಾಬಿ.

ಅಧ್ಯಕ್ಷರಾದ ನನ್ನ ಸೋದರಮಾವ ತಲೆ ಅಲ್ಲಾಡಿಸಿದರು. "ತಂದೆ ಹೊರಗಿನವ. ಆಗುವುದಿಲ್ಲ ಮಾರಾಯ್ತಿ."

ಹುಡುಗಿಯ ಮುಖ ಬಾಡಿತು. ನಾನು ಎದ್ದು ನಿಂತೆ.

"ಮಾವ, ನಮ್ಮಲ್ಲಿ ಕುಟುಂಬ ಬರುವುದು ತಾಯಿಯಿಂದ. ತಂದೆಯ ಕಡೆ ನೋಡುವುದಾದರೆ ನಿಮ್ಮ ತಂದೆ ಮಿಜಾರಿನ ಬೇರೆ ಕುಟುಂಬದವರು. ಆ ಕುರ್ಚಿಯಲ್ಲಿ ನೀವೂ ಕೂರುವ ಹಾಗಿಲ್ಲ."

ಸಭೆಗೆ ಸಭೆಯೇ ನಕ್ಕಿತು. "ಇವಳನ್ನು ಕಾಲೇಜಿಗೆ ಕಳಿಸಿದ್ದೇ ನಾನು, ಈಗ ಅನುಭವಿಸುತ್ತೇನೆ" ಎಂದು ಗೊಣಗಿದರೂ ಮೊದಲು ಕೈ ಎತ್ತಿದ್ದು ಮಾವನೇ. ನಿರ್ಣಯ ಸರ್ವಾನುಮತದಿಂದ ಪಾಸಾಯಿತು.

ಊಟಕ್ಕೆ ಮಾವ ಆ ಹುಡುಗಿಯನ್ನು ತಮ್ಮ ಪಕ್ಕದಲ್ಲೇ ಕೂರಿಸಿಕೊಂಡರು. ಅಧ್ಯಕ್ಷರ ಚುನಾವಣೆ ಹತ್ತಿರ ಉಂಟಲ್ಲ!