ಸೇಡಿಗೆ ಆರಿಸಿದ ರಾಜ್ಯ

ಹೊಟ್ಟೆಪಾಡಿಗಾಗಿ ಬೇರೆ ರಾಜ್ಯಕ್ಕೆ ಹೊರಟವರು ಪಗಾರ ನೋಡುತ್ತಾರೆ, ನೀರು ನೋಡುತ್ತಾರೆ, ಊರಿಗೆ ಎಷ್ಟು ತಾಸಿನ ದಾರಿ ಎಂದು ಕೇಳುತ್ತಾರೆ. ನಾನು ನೋಡಿದ್ದು ಒಂದೇ: ಎಲ್ಲಿಗೆ ಹೋದರೆ ನನ್ನ ನೆಗೆಣ್ಣಿಯ ಹೊಟ್ಟೆ ಹೆಚ್ಚು ಉರಿಯುತ್ತದೆ ಎಂಬುದನ್ನು. ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ನೆಗೆಣ್ಣಿ ಎಂದರೆ ನನ್ನ ಗಂಡನ ಅಣ್ಣನ ಹೆಂಡತಿ. ನಮ್ಮದು ಹಳಿಯಾಳದ ಕಡೆಯ ಒಕ್ಕಲುತನದ ಮನೆ. ದಾಂಡೇಲಿಗೆ ಪ್ರವಾಸಿಗರು ಬರುವುದು ಹೆಚ್ಚಾದ ಮೇಲೆ ಭಾವನವರು ಜೋಯಿಡಾ ರಸ್ತೆಗೆ ಹತ್ತಿದ ಒಂದು ಜಾಗ ಹಿಡಿದು ಆರು ಕೋಣೆಗಳ ಹೋಮ್‌ಸ್ಟೇ ಮಾಡಿದರು. ನನ್ನ ಗಂಡ ಅದರ ಜೀಪು ಓಡಿಸುತ್ತಿದ್ದರು, ನಾನು ಒಲೆಯ ಮುಂದೆ. ಹನ್ನೊಂದು ವರ್ಷ ಹಾಗೇ ನಡೆಯಿತು. ಬಿಸಿ ರೊಟ್ಟಿ, ಬದನೆಕಾಯಿ ಎಣ್ಣಿಗಾಯಿ, ಶೇಂಗಾ ಚಟ್ನಿ ತಿನ್ನಲೆಂದೇ ಎರಡನೆಯ ಸಲ ಬರುವವರಿದ್ದರು. ನೆಗೆಣ್ಣಿಗೆ ರೊಟ್ಟಿ ಬಡಿಯಲು ಬರುತ್ತಿರಲಿಲ್ಲ. ಎಸರು ಎಷ್ಟು ಕುದಿಯಬೇಕು, ಹಿಟ್ಟಿಗೆ ಜಿಗಿ ಬರುವ ತನಕ ಹೇಗೆ ನಾದಬೇಕು ಎಂದು ಕಲಿಸಲು ಹೋದರೆ, "ನೀ ಅದಿಯಲ್ಲ, ನಾ ಯಾಕ ಕಲೀಲಿ?" ಅನ್ನುತ್ತಿದ್ದಳು. ಅದನ್ನು ನಾನು ಪ್ರೀತಿಯ ಮಾತು ಎಂದೇ ತಿಳಿದಿದ್ದೆ. ದಡ್ಡಿ ನಾನು.

ಒಂದು ದಿನ ಹುಬ್ಬಳ್ಳಿಯಿಂದ ವಿಡಿಯೋ ಮಾಡುವ ಹುಡುಗಿಯೊಬ್ಬಳು ಬಂದಳು. ನೆಗೆಣ್ಣಿ ಇಳಕಲ್ ಸೀರೆ ಉಟ್ಟು, ಮೂಗಿಗೆ ದೊಡ್ಡ ನತ್ತು ಇಟ್ಟು ಒಲೆಯ ಮುಂದೆ ಕೂತಳು. ನಾನು ಅವಳ ಹಿಂದೆ, ಕತ್ತಲ ಮೂಲೆಯಲ್ಲಿ ಕೂತು ರೊಟ್ಟಿ ಬಡಿದು ಬಡಿದು ಮುಂದಕ್ಕೆ ಕೊಡುತ್ತಿದ್ದೆ. ಆಕೆ ಅದನ್ನು ಹಂಚಿಗೆ ಹಾಕಿ ತಿರುವಿ ನಗುತ್ತಿದ್ದಳು. ಬಡಿಯುವ ಸದ್ದಿನಲ್ಲಿ ಅವರೇನು ಮಾತಾಡಿಕೊಂಡರೋ ನನಗೆ ಕೇಳಿಸಲಿಲ್ಲ.

ಕೇಳಿಸಿದ್ದು ಹದಿನೈದು ದಿನದ ಮೇಲೆ, ಹಳಿಯಾಳದ ಬಳೆ ಅಂಗಡಿಯಲ್ಲಿ. ಅಂಗಡಿಯಾಕೆ ನನ್ನ ಕೈ ಹಿಡಿದು ಬಳೆ ಏರಿಸುತ್ತ, "ಇದು ನಿಮ್ಮನಿ ಅಲ್ಲೇನ್ರಿ?" ಎಂದು ಫೋನು ತೋರಿಸಿದಳು. ವಿಡಿಯೋದಲ್ಲಿ ಹುಡುಗಿ ಕೇಳುತ್ತಾಳೆ, "ಹಿಂದ ಕುಂತಾರಲ್ಲ, ಅವ್ರು ಯಾರ್ರಿ?" ನೆಗೆಣ್ಣಿ ತಿರುಗಿ ಕೂಡ ನೋಡದೆ ಹೇಳುತ್ತಾಳೆ, "ಅಕಿ ಕೆಲಸದಾಕಿ ಬಿಡ್ರಿ."

ಅಂಗಡಿಯಾಕೆ ನನ್ನ ಮುಖ ನೋಡಿದಳು. ನಾನು ಅರ್ಧ ಏರಿಸಿದ ಬಳೆಗಳಲ್ಲೇ ಎದ್ದು ಬಂದೆ. ಆ ವಿಡಿಯೋ ಅಂಬಿಕಾನಗರದ ಕ್ವಾರ್ಟರ್ಸಿನಲ್ಲಿದ್ದ ನನ್ನ ಗೆಳತಿಗೂ ಮುಟ್ಟಿತ್ತು, ಮುಂಡಗೋಡದ ಹತ್ತಿರ ಸನವಳ್ಳಿಯ ನನ್ನ ತವರಿಗೂ ಮುಟ್ಟಿತ್ತು. ನನ್ನ ತಮ್ಮನ ಹೆಂಡತಿ ಫೋನು ಮಾಡಿ, ಬೇಕೆಂದೇ, "ಅಕ್ಕಾರ, ವಿಡಿಯೋ ಭಾಳ ಚಲೋ ಬಂದೈತಿ" ಎಂದಳು.

ಮನೆಗೆ ಬಂದು ನೆಗೆಣ್ಣಿಯನ್ನು ಕೇಳಿದೆ. "ಏನೋ ಮಾತಿಗೆ ಅಂದೆ ಮಾರಾಯ್ತಿ, ಅದನ್ನ ಹಿಡ್ಕೊಂಡು ಕುಂತಿ?" ಎಂದು ನಕ್ಕಳು. ನನಗೆ ಬೇಕಾದದ್ದು ದೊಡ್ಡದೇನಲ್ಲ. ಆಡಿದ ಬಾಯಿಂದಲೇ, ನಾಲ್ಕು ಜನರ ಎದುರಿಗೆ, ಇವಳು ನನ್ನ ನೆಗೆಣ್ಣಿ, ಈ ಮನೆಯ ಸೊಸೆ, ರೊಟ್ಟಿ ಬಡಿಯುವ ಕೈ ಇವಳದು ಎಂದು ಹೇಳಲಿ, ಅಷ್ಟೇ. ಭಾವನವರು ಕಣ್ಣು ತಗ್ಗಿಸಿ, "ಈಗ ಮಂದಿ ಅದನ್ನ ನೋಡೇ ಬರಾಕತ್ತಾರವ್ವ. ಹೊಳ್ಳಿ ಹೇಳಿದ್ರ ಹೆಸರು ಕೆಡತೈತಿ" ಎಂದರು. ಅವರ ಹೆಸರು ಕೆಡಬಾರದು. ನನ್ನದು ಕೆಟ್ಟರೆ ನಡೆಯುತ್ತದೆ.

ಆ ವಾರವೇ ಗಂಡನಿಗೆ ಹೇಳಿದೆ, ಈ ರಾಜ್ಯದಲ್ಲೇ ಇರುವುದು ಬೇಡ ಎಂದು. ಧಾರವಾಡಕ್ಕೋ ಬೆಳಗಾವಿಗೋ ಹೋದರೆ ಅಲ್ಲಿಯೂ ಅದೇ ವಿಡಿಯೋ, ಅದೇ ಕೆಲಸದಾಕಿ. ಕರೆಯುವವರು ಇದ್ದೇ ಇದ್ದರು. ಗೋವಾದ ಹೋಟೆಲಿನವರೊಬ್ಬರು, ಹೈದರಾಬಾದಿನಲ್ಲಿ ಹುಡುಗಿಯರ ಹಾಸ್ಟೆಲು ನಡೆಸುವ ಒಬ್ಬ ಹೆಂಗಸು, ಪುಣೆಯ ಒಂದು ವಸತಿ ಸೊಸೈಟಿಯ ಹೆಂಗಸರ ಗುಂಪು, ಎಲ್ಲರೂ ಊಟ ಮಾಡಿ ಹೋಗುವಾಗ ಫೋನ್ ನಂಬರು ಕೊಟ್ಟು ಹೋಗಿದ್ದರು.

ನನ್ನ ಗಂಡನಿಗೆ ಗೋವಾ ಬೇಕಿತ್ತು. "ಇಲ್ಲೇ ನಮ್ಮ ರಾಮನಗರ ದಾಟಿದ್ರ ಗೋವಾ ಬಂದೇ ಬಿಡತೈತಿ. ಕೊಂಕಣಿ ನನಗ ಬರತೈತಿ. ಮಳಿ ಐತಿ, ಗಾಳಿ ಐತಿ. ಅಲ್ಲಿಗೇ ಹೋಗೂಣು" ಎಂದರು. ನಾನು ತಾಟುಗಳ ಲೆಕ್ಕ ತೆಗೆದೆ. ಹನ್ನೊಂದು ವರ್ಷ ಊಟ ಮುಗಿಸಿದವರ ತಾಟು ಎತ್ತಿದವಳು ನಾನು. ಯಾವ ಕಡೆಯವರು ಏನು ಬಿಡುತ್ತಾರೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಗೋವಾದವರು ಮೀನು ಯಾವಾಗ ಬರುತ್ತದೆ ಎಂದು ಬಾಗಿಲ ಕಡೆಗೆ ನೋಡುತ್ತಲೇ ಉಣ್ಣುತ್ತಿದ್ದರು. ಲಿಂಗ ಕಟ್ಟಿದ ನಾನು ಮೀನಿನ ಅಡುಗೆಮನೆಯಲ್ಲಿ ಹೇಗೆ ನಿಲ್ಲಲಿ? ಹೈದರಾಬಾದಿನವರು ಚಟ್ನಿ ಬಳಿದು ಬಳಿದು ತಿಂದು ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟು ಅನ್ನ ಕೇಳುತ್ತಿದ್ದರು. ಪುಣೆಯವರು ಕೂರುವ ಮೊದಲು ನೂರು ಪ್ರಶ್ನೆ ಕೇಳುತ್ತಾರೆ, ಆದರೆ ತಾಟಿನಲ್ಲಿ ಒಂದು ಚೂರೂ ಬಿಡುವುದಿಲ್ಲ. ರೊಟ್ಟಿಗೆ ಭಾಕರಿ ಎನ್ನುತ್ತಾರೆ, ಅಷ್ಟೇ ಫರಕು. ನನಗೆ ಹರಕು ಮುರಕು ಮರಾಠಿ ಬರುತ್ತಿತ್ತು. ಆದ್ದರಿಂದ ಮಹಾರಾಷ್ಟ್ರ ಎಂದೆ.

ಗಂಡ ಎಲ್ಲವನ್ನೂ ಕೇಳಿಸಿಕೊಂಡರು. "ತಾಟಿನ ಸುದ್ದಿ ಬಿಡು. ಆ ಸೊಸೈಟಿದಾಗ ನಮ್ಮ ಹುಡುಗಿ ಅದಾಳ, ಅದಕ್ಕ ಹೊಂಟಿ" ಎಂದರು.

ನಿಜ. ನೆಗೆಣ್ಣಿಯ ಒಬ್ಬಳೇ ಮಗಳನ್ನು ಅಲ್ಲಿಗೆ ಕೊಟ್ಟಿದ್ದರು. ಆ ಹೆಂಗಸರ ಗುಂಪನ್ನು ನಮ್ಮಲ್ಲಿಗೆ ಕಳಿಸಿದವಳೂ ಅವಳೇ. ನಮಗೆ ಮಕ್ಕಳಿಲ್ಲ, ಆ ಹುಡುಗಿ ಬೆಳೆದದ್ದು ನನ್ನ ರೊಟ್ಟಿಯ ಮೇಲೆ. ನೆಗೆಣ್ಣಿಗೆ ಜಗತ್ತಿನಲ್ಲಿ ಯಾವುದಾದರೂ ಒಂದು ಹೆಮ್ಮೆ ಇದ್ದರೆ ಅದು "ನನ್ನ ಮಗಳು ಪುಣೆದಾಗ ಅದಾಳ" ಎನ್ನುವುದು. ಕೈ ಹಾಕಿದರೆ ಅಲ್ಲಿಗೇ ಹಾಕಬೇಕು ಎಂದು ನಾನು ತೀರ್ಮಾನಿಸಿದ್ದೆ.

"ಸಿಟ್ಟಿನ್ಯಾಗ ಕೊಯ್ಕೊಂಡ ಮೂಗು ಮತ್ತ ಬರೂದಿಲ್ಲ, ನೋಡ" ಎಂದರು ಗಂಡ.

"ನನ್ನ ಮೂಗು ಆಗಲೇ ಕೊಯ್ದಾರ್ರೀ" ಎಂದೆ.

ರಜೆಯ ದಿನಗಳು, ಆರೂ ಕೋಣೆ ಭರ್ತಿಯಾಗಿದ್ದ ವಾರ ನೋಡಿಯೇ ಹೊರಟೆವು. ಆಮೇಲೆ ಬಂದವರ ಎದುರಿಗೆ ನೆಗೆಣ್ಣಿ ಬಡಿದ ರೊಟ್ಟಿ ನಡುವೆ ಸೀಳಿ ಹಂಚಿನ ಮೇಲೆ ಮೂರು ತುಂಡಾಯಿತಂತೆ, ಅದನ್ನೂ ಯಾರೋ ವಿಡಿಯೋ ಮಾಡಿದರಂತೆ. ಸುದ್ದಿ ಕೇಳಿದ ದಿನ ನಾನು ಸಜ್ಜಕದ ಸಿಹಿ ಮಾಡಿ ಉಂಡೆ.

ಪುಣೆಯಲ್ಲಿ ಸೊಸೈಟಿಯ ಎದುರಿನ ಹಳೆಯ ಚಾಳಿನಲ್ಲಿ ಎರಡು ಕೋಣೆ ಹಿಡಿದೆವು. ಗಂಡ ಶಾಲೆಯ ವ್ಯಾನು ಓಡಿಸಲು ಹಿಡಿದರು. ನಾನು ಬೆಳಿಗ್ಗೆ ಐದಕ್ಕೆ ಹಂಚು ಇಟ್ಟರೆ ಹನ್ನೊಂದಕ್ಕೆ ಇಳಿಸುತ್ತಿದ್ದೆ. ಮೂರು ತಿಂಗಳಲ್ಲಿ ಆ ಕಟ್ಟಡಗಳಲ್ಲಿ ನಾನು ಭಾಕರಿಯ ತಾಈ, ಎಂದರೆ ರೊಟ್ಟಿಯ ಅಕ್ಕ, ಆಗಿದ್ದೆ. ಹುಡುಗಿ ದಿನಾ ಸಂಜೆ ಬರುತ್ತಿದ್ದಳು. ಬಸುರಿಯಾದ ಮೇಲೆ ಎರಡು ಹೊತ್ತೂ ಬಂದಳು. ಹುಣಸೆಹಣ್ಣಿನ ಬಯಕೆ ಎಂದರೆ ಗೊಜ್ಜು, ಹುರುಳಿಯ ಬಯಕೆ ಎಂದರೆ ಕಟ್ಟಿನ ಸಾರು. ಅವಳ ತಾಯಿಯ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ. ಕೆಟ್ಟ ಮಾತು ಆಡಿದರೆ ಮಕ್ಕಳು ತಾಯಿಯ ಕಡೆಗೇ ವಾಲುತ್ತಾರೆ, ಅಷ್ಟು ನನಗೆ ಗೊತ್ತಿತ್ತು.

ನಮ್ಮಲ್ಲಿ ಚೊಚ್ಚಲ ಬಾಣಂತನ ತವರಿನದು. ಅದು ಹಡೆದವಳ ಹಕ್ಕು. ಅದನ್ನು ಬಿಟ್ಟುಕೊಟ್ಟ ತಾಯಿ ಊರಲ್ಲಿ ತಲೆ ಎತ್ತಿ ತಿರುಗಲಾರಳು. ಏಳನೆಯ ತಿಂಗಳಲ್ಲಿ ಹುಡುಗಿ ತಾಯಿಗೆ ಫೋನಿನಲ್ಲಿ ಹೇಳಿದಳು: "ನಾ ಅಲ್ಲಿಗೆ ಬರೂದಿಲ್ಲವ್ವಾ. ದವಾಖಾನಿ ಇಲ್ಲೇ ಹತ್ರ ಐತಿ. ಚಿಗವ್ವ ಇಲ್ಲೇ ಅದಾಳ, ಎಲ್ಲಾ ಅಕಿನ ಮಾಡ್ತಾಳ." ನಾನು ಅವಳ ಪಕ್ಕದಲ್ಲೇ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ. ಆ ಮೌನ ನನಗೆ ಎಷ್ಟು ರುಚಿಸಿತು ಎಂದು ಹೇಳಲಾರೆ.

ಗಂಡುಮಗು ಹುಟ್ಟಿತು. ನೆಗೆಣ್ಣಿ ಬಾಣಂತಿಗೆಂದು ಬುಟ್ಟಿ ತುಂಬ ಅಂಟಿನ ಉಂಡಿ ಕಟ್ಟಿಕೊಂಡು ಮೂರನೆಯ ಮಹಡಿಯ ಮಗಳ ಮನೆಗೆ ಬಂದಳು. ಆದರೆ ಎಣ್ಣೆ ತಿಕ್ಕುವವಳು ನಾನು, ಕಾಲ ಮೇಲೆ ಮಲಗಿಸಿಕೊಂಡು ಎರೆಯುವವಳು ನಾನು, ಲೋಬಾನದ ಹೊಗೆ ಹಾಕುವವಳು ನಾನು. ಆಕೆ ನೀರು ಕಾಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದಳು.

ಹದಿನಾರನೆಯ ದಿನ ಮೇಲಿನ ಮಹಡಿಗೆ ಹೊಸದಾಗಿ ಬಂದಿದ್ದ ಮೂವರು ಹೆಂಗಸರು ಕೂಸು ನೋಡಲು ಬಂದರು. ಆಗಷ್ಟೇ ಎರೆದು ಮುಗಿಸಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದೆ. ನೆಗೆಣ್ಣಿ ಮೂಲೆಯಲ್ಲಿ ಒಣಗಿದ ಲಂಗೋಟಿಗಳನ್ನು ಮಡಚುತ್ತಿದ್ದಳು. ಒಬ್ಬಾಕೆ ಮರಾಠಿಯಲ್ಲಿ ನನ್ನನ್ನು ಕೇಳಿದಳು, ಇವರು ಯಾರು ಎಂದು.

ನೆಗೆಣ್ಣಿಯ ಕೈ ನಿಂತಿತು. ಆಕೆ ನನ್ನನ್ನೇ ನೋಡಿದಳು. ಕೂಸಿನ ಅಜ್ಜಿ ಎನ್ನಲು ಎಷ್ಟು ಹೊತ್ತು ಬೇಕು?

"ಕಾಮವಾಲಿ ಬಾಈ," ಎಂದೆ. ಕೆಲಸದಾಕಿ. ಹಳಿಯಾಳದವರಿಗೆ ಮರಾಠಿ ಅರ್ಥವಾಗದೆ ಇರುತ್ತದೆಯೇ?

ನೆಗೆಣ್ಣಿ ಮಡಚಿದ ಬಟ್ಟೆ ಎತ್ತಿಟ್ಟು, ಒಳಗೆ ಹೋಗಿ, ಬಂದವರಿಗೆ ಚಹಾ ಮಾಡಿ ತಂದಳು. ನನಗೂ ಒಂದು ಕಪ್ಪು ತಂದು ಮುಂದಿಟ್ಟಳು. ಅವರು ಹೋದ ಮೇಲೆ ಬಾಗಿಲು ಹಾಕಿ, "ಈಗ ಸಮಾ ಆತಿಲ್ಲೋ?" ಎಂದು ಕೇಳಿದಳು.

"ಇಲ್ಲ," ಎಂದೆ. "ನಂದು ಊರ ತುಂಬ ಮಂದಿ ನೋಡ್ಯಾರ. ನಿಮ್ಮದು ಬರೇ ಮೂರು ಮಂದಿ."

ಒಳಕೋಣೆಯ ಬಾಗಿಲು ತೆರೆದೇ ಇತ್ತು. ಬಾಣಂತಿ ಮಲಗಿದ್ದಾಳೆ ಎಂದುಕೊಂಡಿದ್ದೆ. ಅವಳು ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಸಿಟ್ಟು ಮಾಡಲಿಲ್ಲ, ಅಳಲಿಲ್ಲ. ಬಗ್ಗಿ ನನ್ನ ತೊಡೆಯ ಮೇಲಿನ ಕೂಸನ್ನು ಎತ್ತಿಕೊಂಡಳು.

"ಚಿಗವ್ವಾ, ನಾಳಿಂದ ಕೂಸಿಗೆ ಅವ್ವನ ಎರೀತಾಳ," ಎಂದಳು.

"ಅಕಿಗೆ ಬರೂದಿಲ್ಲವ್ವಾ, ಕೂಸಿನ ಕುತ್ತಿಗಿ ಹಿಡಿಯಾಕೂ ಬರೂದಿಲ್ಲ," ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಕಲೀತಾಳ," ಎಂದಳು.

ಆಡಿದ ಮಾತನ್ನು ನಾನು ಇವತ್ತಿಗೂ ಹಿಂದಕ್ಕೆ ತೆಗೆದುಕೊಂಡಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ನೆಗೆಣ್ಣಿಯ ಮೇಲಿನ ಸಿಟ್ಟು ಇದ್ದ ಹಾಗೇ ಇದೆ. ಆದರೆ ಕೂಸನ್ನು ಎತ್ತಿಕೊಂಡ ಮೇಲೆ ತೊಡೆಯ ಮೇಲೆ ಉಳಿದ ಆ ಒದ್ದೆ ಬಿಸುಪು ಆರುವ ತನಕ ನಾನು ಎದ್ದಿರಲಿಲ್ಲ. ನಾವು ಈಗಲೂ ಅದೇ ಚಾಳಿನಲ್ಲಿದ್ದೇವೆ. ಎದುರಿನ ಕಟ್ಟಡದ ಎಲ್ಲ ಮಹಡಿಗಳಿಗೂ ನನ್ನ ರೊಟ್ಟಿ ಹೋಗುತ್ತದೆ. ಮೂರನೆಯ ಮಹಡಿಯ ಒಂದು ಮನೆಯವರು ಮಾತ್ರ ಬೇರೆ ಕಡೆಯಿಂದ ತರಿಸುತ್ತಾರೆ.