ಯಾರನ್ನೂ ಬೇಯಿಸಿಲ್ಲ

ದೊಡ್ಡಮ್ಮನ ಎಡಗೈ ಹೆಬ್ಬೆರಳಿನ ಉಗುರು ಸದಾ ಕಪ್ಪಗಿರುತ್ತಿತ್ತು. ಬೀಸುಕಲ್ಲು ಸವೆದರೆ ಅದಕ್ಕೆ ಗೀರು ಹಾಕಿಸಲು ಊರಿನ ಉಳಿದ ಹೆಂಗಸರು ಕಲ್ಲು ಕುಟ್ಟುವವನ ದಾರಿ ಕಾಯುತ್ತಿದ್ದರು. ದೊಡ್ಡಮ್ಮ ಮಾತ್ರ ಸೆರಗು ಸಿಕ್ಕಿಸಿ ತಾವೇ ಉಳಿ ಹಿಡಿಯುತ್ತಿದ್ದರು. ಹತ್ತು ಏಟಿಗೆ ಒಂದು ಹೆಬ್ಬೆರಳ ಮೇಲೆ ಬೀಳುತ್ತಿತ್ತು. ಬೈಸಿಕೊಳ್ಳುತ್ತಿದ್ದುದು ಕಲ್ಲು.

ಅರವತ್ತರ ದಶಕದ ಮೊದಲ ವರ್ಷಗಳು. ಸಾಗರದಿಂದಾಚೆ, ಶರಾವತಿ ದಂಡೆಯ ಒಂದು ಹಳ್ಳಿಗೆ ನಾನು ಮೇಷ್ಟರಾಗಿ ಹೋಗಿದ್ದೆ. ಅಡುಗೆ ಬಾರದ ನನಗೆ ಶಾಲೆಯ ಪಕ್ಕದ ಮನೆಯ ದೊಡ್ಡಮ್ಮನೇ ಎರಡು ಹೊತ್ತೂ ಊಟ ಹಾಕುತ್ತಿದ್ದರು. ಅಡುಗೆಮನೆಯ ಬಾಗಿಲ ಹೊರಗಿನ ಕರಿಕಲ್ಲಿನ ಚಪ್ಪಡಿ ನನ್ನ ಜಾಗ. ಸಾಕು ಎಂದರೆ ಅವರಿಗೆ ಕಿವಿ ಕೇಳಿಸುತ್ತಿರಲಿಲ್ಲ.

ನದಿಗೆ ಅಣೆಕಟ್ಟು ಏಳುತ್ತಿತ್ತು, ಊರು ಮುಳುಗುವುದಿತ್ತು. ಸಪ್ಪಗಾಗಿದ್ದ ಮಕ್ಕಳನ್ನು ನಗಿಸಲೆಂದು ತರಗತಿಯಲ್ಲಿ ಒಂದು ಕಥೆ ಕಟ್ಟಿದೆ. ಸಾವಿರ ವರ್ಷದ ಮೇಲೆ ನೀರು ಬತ್ತಿ, ಬೇರೆ ನಕ್ಷತ್ರದ ಪಂಡಿತರು ಬಂದು ನಮ್ಮೂರನ್ನು ಅಗೆಯುತ್ತಾರೆ. ದೊಡ್ಡಮ್ಮನ ಒರಳನ್ನು ದೇವರು ಎನ್ನುತ್ತಾರೆ. ಬಚ್ಚಲ ಒಲೆ ನೋಡಿ, ಇವರು ಮನುಷ್ಯರನ್ನು ಬೇಯಿಸುತ್ತಿದ್ದರು ಎಂದು ಬರೆಯುತ್ತಾರೆ. ನಾನು ಉಣ್ಣುವ ಚಪ್ಪಡಿಯಂತೂ ನರಬಲಿಯ ಕಲ್ಲೇ ಸರಿ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಸಂಜೆಯೊಳಗೆ ಕಥೆ ದೊಡ್ಡಮ್ಮನ ಕಿವಿಗೆ ಬಿತ್ತು. ಅವರು ನಗಲಿಲ್ಲ. ಎಲೆ ಹಾಕಿ, ಅನ್ನ ಬಡಿಸದೆ ಎದುರು ನಿಂತರು.

“ಮನೆ ಹೋಗ್ತದೆ, ಹೋಗ್ಲಿ. ಮನುಷ್ಯರನ್ನ ತಿಂದೋರು ಅನ್ನೋ ಹೆಸರು ಬ್ಯಾಡ. ಯಾವುದು ಏನು ಅಂತ ಬರ್ಕೊಡಿ ಮೇಷ್ಟ್ರೇ, ಉಳಿ ನಾನು ಹಿಡಿತೀನಿ.”

ಬರುವವರಿಗೆ ಕನ್ನಡ ಗೊತ್ತಿರಬೇಕಲ್ಲ ಎಂದೆ.

“ಕಲೀಲಿ. ಅಷ್ಟು ದೂರದಿಂದ ಬರೋರಿಗೆ ಅದೊಂದು ಕಷ್ಟವಾ?”

ಅನ್ನದ ಆಸೆಗೆ ಒಪ್ಪಿದೆ. ನಾನು ಇದ್ದಿಲಿನಲ್ಲಿ ಬರೆದೆ, ಅವರು ಕೆತ್ತಿದರು. ಓದು ಬಾರದ ಅವರು ಒಂದೊಂದು ಅಕ್ಷರವನ್ನೂ ಕೇಳಿ ತಿಳಿದುಕೊಂಡು, ಮುಗಿದ ಮೇಲೆ “ಓದಿ ಹೇಳಿ” ಎನ್ನುತ್ತಿದ್ದರು. ಒರಳಿನ ಮೇಲೆ ‘ದೇವರಲ್ಲ, ಹಿಟ್ಟು ರುಬ್ಬುವುದು’. ಬಚ್ಚಲ ಒಲೆಯ ಕಲ್ಲಿನ ಮೇಲೆ ‘ಸ್ನಾನದ ನೀರಿಗೆ. ಯಾರನ್ನೂ ಬೇಯಿಸಿಲ್ಲ’. ಮನೆ ಅಳೆಯಲು ಬಂದ ಗುಮಾಸ್ತರು ಇದನ್ನೋದಿ, ನನ್ನನ್ನು ಪಕ್ಕಕ್ಕೆ ಕರೆದು, ಯಾರಾದರೂ ದೂರು ಕೊಟ್ಟಿದ್ದಾರೆಯೇ ಎಂದು ಮೆಲ್ಲಗೆ ವಿಚಾರಿಸಿದರು. ಚಪ್ಪಡಿಯ ಸರದಿ ಬರುವಷ್ಟರಲ್ಲಿ ನನಗೆ ತೀರ್ಥಹಳ್ಳಿಗೆ ವರ್ಗವಾಯಿತು.

ಹೊಸನಗರದ ಹತ್ತಿರ ಸಿಕ್ಕ ಹೊಸ ಜಾಗದಲ್ಲಿ ದೊಡ್ಡಮ್ಮ ಹೆಚ್ಚು ದಿನ ಬಾಳಲಿಲ್ಲ. ಸುದ್ದಿ ನನ್ನನ್ನು ಮುಟ್ಟುವಾಗ ತಿಥಿಯೂ ಮುಗಿದಿತ್ತು. ಮುಳುಗುವ ಮನೆಯ ಮೇಲೆ ತಮಾಷೆ ಕಟ್ಟಿದ್ದಕ್ಕೆ ತಪ್ಪಾಯಿತು ಎಂದು ಅವರಿಗೆ ಒಂದು ಮಾತು ಹೇಳುವುದು ಉಳಿದೇಹೋಯಿತು. ಆ ನಾಚಿಕೆ ಬಹಳ ದಿನ ಕಾಡಿತು.

ದಶಕದ ಕೊನೆಗೆ ಮಳೆ ಕೈಕೊಟ್ಟ ಒಂದು ವರ್ಷ ಹಿನ್ನೀರು ತೀರಾ ಇಳಿದಿದೆಯೆಂದು ಕೇಳಿ ಹೋದೆ. ಗೋಡೆಗಳು ಕರಗಿ ಕಲ್ಲುಗಳಷ್ಟೇ ಉಳಿದಿದ್ದವು. ಕ್ಯಾಮೆರಾ ಹಿಡಿದ ಪೇಟೆಯ ಯುವಕನೊಬ್ಬ, ಕೆಸರು ಮೆತ್ತಿದ ನನ್ನ ಚಪ್ಪಡಿಯನ್ನು ಗೆಳೆಯನಿಗೆ ತೋರಿಸುತ್ತ, ಇದು ಬಲಿ ಕೊಡುತ್ತಿದ್ದ ಕಲ್ಲೇ, ಅನುಮಾನವಿಲ್ಲ ಎಂದು ವಿವರಿಸುತ್ತಿದ್ದ. ನಕ್ಷತ್ರದಿಂದ ಬರಬೇಕಾದವರು ಸಾಗರದ ಬಸ್ಸಿನಲ್ಲೇ ಬಂದಿದ್ದರು.

ಮಂಡಿಯೂರಿ ಟವೆಲ್ಲಿನಿಂದ ಕೆಸರು ಒರೆಸಿದೆ. ನಾನು ಬರೆದುಕೊಡದ ಸಾಲೊಂದು ಅಲ್ಲಿತ್ತು. ಒಂದಕ್ಷರ ದೊಡ್ಡದು, ಒಂದು ಚಿಕ್ಕದು, ಎಲ್ಲವೂ ಸೊಟ್ಟ.

“ಏನಂತ ಇದೆ ಸಾರ್, ಓದಿ ಹೇಳಿ” ಎಂದ ಯುವಕ.

ಓದಿ ಹೇಳಿದೆ: ‘ಇಲ್ಲಿ ನಮ್ಮ ಮೇಷ್ಟ್ರು ಉಣ್ತಿದ್ರು. ಹೊಟ್ಟೆ ತುಂಬ.’