ಅಮೃತಪ್ಪನಿಗೆ ಪುನರ್ವಸತಿ ಇಲ್ಲ

ಸುಗಲಾಬಾಯಿ ತನ್ನ ಸತ್ತ ಗಂಡನಿಗೆ ಬೈಯುವುದನ್ನು ಕೇಳಲು ಜನ ಬಂಡಿ ನಿಲ್ಲಿಸುತ್ತಿದ್ದರು. ಅಕ್ಕಲಕೋಟದಿಂದ ಹನ್ನೆರಡು ಕಿಲೋಮೀಟರ್ ದೂರದ ಊರು, ದಾರಿಗೆ ಹತ್ತಿದ ಏಳು ಎಕರೆ ಹೊಲ. ಹೊಲದ ಮೂಡಣ ಬದುವಿನ ಹತ್ತಿರ ಒಂದು ಬನ್ನಿ ಗಿಡ, ಅದರ ಆಚೆ ಮಣ್ಣಿನ ಕಟ್ಟೆ, ಕಟ್ಟೆಯ ಮೇಲೊಂದು ಕರಿಕಲ್ಲು. ಅದರ ಕೆಳಗೆ ಅಮೃತಪ್ಪ.

"ಇದ್ದಾಗೂ ಮಾತಾಡ್ಲಿಲ್ಲ, ಈಗೂ ಮಾತಾಡಂಗಿಲ್ಲ ನೀ. ಉಳ್ಳಾಗಡ್ಡಿ ಇವತ್ತ ಸೊಲ್ಲಾಪುರಕ ಕಳಸ್ಲ್ಯೋ, ಎಂಟ ದಿನ ತಡೀಲ್ಯೋ? ಹೇಳು. ಹೋಗ್ಲಿ, ಹೇಳಬ್ಯಾಡ. ನಾಳಿ ರೇಟ್ ಬಿದ್ರ ನನ್ನ ಮಾರಿ ನೋಡಬ್ಯಾಡ ಮತ್ತ."

ಹೀಗೆ ಬೈದು, ಬುತ್ತಿ ಬಿಚ್ಚಿ ಒಂದು ತುತ್ತು ಕಟ್ಟೆಯ ಮೇಲಿಟ್ಟು, ತಾನೂ ಉಂಡು ಏಳುತ್ತಿದ್ದಳು. ಹದಿನೇಳನೆಯ ವಯಸ್ಸಿಗೆ ಸಲಗರ ಬುದ್ರುಕದಿಂದ ಸೊಸೆಯಾಗಿ ಬಂದವಳು. ೨೦೧೧ರಲ್ಲಿ ಅಮೃತಪ್ಪ ಎದೆ ಹಿಡಿದುಕೊಂಡು ಕೂತಲ್ಲೇ ಹೋದ. ಮಗ ಶಾಂತಲಿಂಗಪ್ಪ ಆಗಲೇ ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹೊಲ ಇವಳ ಪಾಲಿಗೆ ಬಂತು. ಬೀಜ ಯಾವುದು, ಬಿತ್ತುವುದು ಯಾವಾಗ, ಅಡತಿ ಅಂಗಡಿಯಲ್ಲಿ ತೂಕ ಹೊಡೆಯುವವನ ಕೈ ಎಲ್ಲಿದೆ, ಎಲ್ಲವನ್ನೂ ಕಲಿತಳು. ಕಲಿತದ್ದನ್ನೆಲ್ಲ ಕಟ್ಟೆಯ ಮುಂದೆ ಒಪ್ಪಿಸಿದಳು. ಎಳ್ಳಮವಾಸ್ಯೆಯ ದಿನ ಹೊಲಕ್ಕೆ ಚರಗ ಚೆಲ್ಲುವ ಮೊದಲು ಸಜ್ಜೆ ರೊಟ್ಟಿ, ಭಜ್ಜಿಯ ಮೊದಲ ಎಡೆ ಅವನಿಗೆ.

ನಮ್ಮ ಕಡೆ ಲಿಂಗಾಯತರು ಸುಡುವುದಿಲ್ಲ. ಕೂಡಿಸಿ ಮಣ್ಣು ಕೊಡುತ್ತಾರೆ. ಹೊಲ ಇದ್ದವರು ತಮ್ಮ ಹೊಲದಲ್ಲಿ, ಇಲ್ಲದವರು ಹಳ್ಳದ ದಂಡೆಯ ಸರಕಾರಿ ಸ್ಮಶಾನದಲ್ಲಿ. ಆ ಸ್ಮಶಾನದ ಮೇಲೆ ರಸ್ತೆ ಬಂದಿದ್ದರೆ ಕೇಳಲು ಬರುವವರೂ ಇರುತ್ತಿರಲಿಲ್ಲ. ಅದನ್ನು ಬರೆಯಲು ಇದಕ್ಕಿಂತ ದೊಡ್ಡ ಸಿಟ್ಟು ಬೇಕು. ಇರಲಿ.

೨೦೨೨ರ ಮಳೆಗಾಲ ಮುಗಿಯುವ ಹೊತ್ತಿಗೆ ನೋಟಿಸು ಬಂತು. ದೊಡ್ಡ ರಸ್ತೆ, ಹೊಲದ ನಡುಮಧ್ಯೆ, ಮೂರೂವರೆ ಎಕರೆ ಹೋಗುತ್ತದೆ. ನೋಟಿಸು ಕಚೇರಿಯ ಮರಾಠಿಯಲ್ಲಿತ್ತು. ಸೊಸೆ ನಂದಾ ಮರಾಠಿ ಸಾಲಿಯಲ್ಲಿ ಹನ್ನೆರಡನೇ ತರಗತಿವರೆಗೆ ಓದಿದವಳು. ಎರಡು ಸಲ ಓದಿ ಕೆಳಗಿಟ್ಟಳು.

"ಅತ್ಯಾ, ಅಕ್ಷರ ಓದ್ಲಾಕ ಬರ್ತಾವ. ಏನ್ ಹೇಳಾಕತ್ತಾರ ಅನ್ನೂದು ನನಗೂ ತಿಳೀವಲ್ದು."

ಕನ್ನಡ ಮಾತಾಡುವ ಊರಿಗೆ, ಮರಾಠಿ ಓದಿದವರಿಗೂ ತಿಳಿಯದ ಮರಾಠಿಯಲ್ಲಿ, ನಿಮ್ಮ ಹೊಲ ಹೋಗುತ್ತದೆ ಎಂದು ಹೇಳುವುದಕ್ಕೆ ನಮ್ಮ ಆಡಳಿತದಲ್ಲಿ 'ಜನರ ಗಮನಕ್ಕೆ ತರುವುದು' ಎನ್ನುತ್ತಾರೆ.

ಊರವರು ಬಹಳಷ್ಟು ಮಂದಿ ಕಾಗದ ಹಿಡಿದುಕೊಂಡು ಯೋಗಿರಾಜನ ಹತ್ತಿರ ಹೋದರು. ಬಸ್ ಸ್ಟ್ಯಾಂಡಿನ ಬದಿಗೆ ಆನ್‌ಲೈನ್ ಅರ್ಜಿ ತುಂಬಿಕೊಡುವ ಅಂಗಡಿ ಅವನದು. ಸುಗಲಾಬಾಯಿಯ ನೋಟಿಸು ನೋಡಿ ಕುರ್ಚಿ ಹತ್ತಿರ ಎಳೆದುಕೊಂಡ.

"ಕಾಕು, ಹೊಲದಾಗ ಕಾಕಾನ ಸಮಾಧಿ ಐತೆಲ್ಲ, ಅದನ್ನ ತೋರಸಬ್ಯಾಡ್ರಿ. ಸ್ಮಶಾನ ಅಂತ ಬರಕೊಂಡ್ರಂದ್ರ ಜಮೀನ ಸರಕಾರಜಮಾ. ಒಂದ್ ರೂಪಾಯಿ ಪರಿಹಾರ ಬರಂಗಿಲ್ಲ."

"ಖರೇ ಹೇಳಾಕತ್ತಿಯೇನೋ?"

"ನಮ್ಮೂರ ಸ್ಮಶಾನದ ಉತಾರಾ ತಗದ್ ನೋಡ್ರಿ. ಯಾರ ಹೆಸರ ಐತಿ? ಸರಕಾರದ್ದು. ಹೆಣ ಇದ್ದಲ್ಲಿ ಸರಕಾರ."

ಯೋಗಿರಾಜ ಮೋಸಗಾರನಲ್ಲ. ಮೋಸಗಾರನಾಗಿದ್ದರೆ ನನಗೆ ಬರೆಯುವುದು ಸುಲಭವಾಗುತ್ತಿತ್ತು. ಅವನು ಆ ಮಾತಿಗೆ ಒಂದು ಪೈಸೆ ತೆಗೆದುಕೊಳ್ಳಲಿಲ್ಲ. ತನ್ನ ಸ್ವಂತ ಅಜ್ಜಿಯ ಕಟ್ಟೆಯನ್ನೂ ಅದೇ ವಾರ ಕೆಡವಿದ್ದ. ಹೊಲದಲ್ಲೇ ಹಿರಿಯರನ್ನು ಇಟ್ಟುಕೊಂಡು ಬಾಳುವ ಊರಿಗೆ ಮಾತ್ರ ಬರುವಂಥ ಭಯ ಅದು. ಆ ಭಯವನ್ನು ಒಂದೇ ಮಾತಿನಲ್ಲಿ ಒರೆಸಬಹುದಾಗಿದ್ದ ಅಧಿಕಾರಿಗಳು ಆ ಊರಿಗೆ ಮೂರು ಸಲ ಬಂದಿದ್ದರು, ಮೂರೂ ಸಲ ಚಹಾ ಕುಡಿದು ಹೋಗಿದ್ದರು.

ಹೊಲ ಅಳೆಯುವ ಮೋಜಣಿಗೆ ಮೂರು ವಾರ ಮೊದಲು ಒಂದು ಮುಂಜಾನೆ ಸುಗಲಾಬಾಯಿ ಗುದ್ದಲಿ ತೆಗೆದುಕೊಂಡು ಹೋದಳು. ಮಗನನ್ನು ಕರೆಯಲಿಲ್ಲ. ಕರಿಕಲ್ಲನ್ನು ಕಿತ್ತು ದನದ ಕೊಟ್ಟಿಗೆಯ ಹಿಂದೆ ಇಟ್ಟಳು. ಕಟ್ಟೆ ಒಡೆದು ಮಣ್ಣು ಹರಡಿದಳು. ಮಧ್ಯಾಹ್ನ ಬಾಡಿಗೆ ಟ್ರ್ಯಾಕ್ಟರು ಬಂದು ಬದುವಿನಿಂದ ಬದುವಿನವರೆಗೆ ಹರಗಿತು. ಹನ್ನೊಂದು ವರ್ಷ ನೇಗಿಲು ತಾಗದ ಆ ಜಾಗಕ್ಕೂ ಜೋಳ ಬಿತ್ತನೆಯಾಯಿತು.

"ಎರಡ ದಿನ ಸುಮ್ಮ ಕೂಡು," ಎಂದಳಂತೆ, ನೆಲಕ್ಕೆ. "ಸಾಹೇಬ್ರು ಹೋಗ್ಲಿ. ಮತ್ತ ಕಟ್ಟತೀನಿ."

ಮೋಜಣಿಯವರು ಬಂದಾಗ ಜೋಳ ಮೊಣಕಾಲಿನಷ್ಟು ಎದ್ದಿತ್ತು. ಕಾಗದ ಹಿಡಿದಿದ್ದ ಸಾಹೇಬ ಮರಾಠಿಯಲ್ಲಿ ಕೇಳಿದ: ಆಜಿ, ಬಾವಿ, ಬೋರು, ಗಿಡ, ಕಟ್ಟಿದ್ದು ಏನಾದರೂ ಇದೆಯಾ?

ಸುಗಲಾಬಾಯಿ ಬನ್ನಿ ಗಿಡ ತೋರಿಸಿದಳು. "ಬಾಕಿ ಕಾಹೀ ನಾಹೀ," ಎಂದಳು. ಉಳಿದದ್ದು ಏನೂ ಇಲ್ಲ. ಪಂಚನಾಮೆಯ ಕಟ್ಟಡದ ಖಾನೆಯಲ್ಲಿ ಸಾಹೇಬ ಅಡ್ಡಗೆರೆ ಎಳೆದ. ಅವಳು ಕೆಳಗೆ ಸಹಿ ಮಾಡಿದಳು.

ಆಮೇಲೆ ಅವರು ಪಕ್ಕದ ಹೊಲಕ್ಕೆ ಹೋದರು. ಅದು ಬಸಣ್ಣನದು. ಬಸಣ್ಣನಿಗೂ ಯೋಗಿರಾಜನಿಗೂ ಹಳೆಯ ಜಗಳ, ಹಾಗಾಗಿ ಅವನ ಬುದ್ಧಿ ಇವನಿಗೆ ತಲುಪಿರಲಿಲ್ಲ. ಸಾಹೇಬ ಬದು ದಾಟುತ್ತಲೇ ಬಸಣ್ಣ ಕೂಗಿದ್ದು ಇಲ್ಲಿಯವರೆಗೆ ಕೇಳಿತು.

"ಏ ಸಾಹೇಬ್ರ, ಚಪ್ಪಲಿ ಕಳೀರಿ! ನಮ್ಮ ಮುತ್ಯಾ ಕುಂತಾನ ಅಲ್ಲಿ!"

ಸಾಹೇಬ ಬೂಟು ಕಳೆದ. ಟೇಪು ಹಿಡಿದು ಬಸಣ್ಣನ ಅಜ್ಜನ ಸಮಾಧಿಯ ಉದ್ದ ಅಗಲ ಅಳೆದ. ಬರೆದುಕೊಂಡ. ಅಷ್ಟೇ. ಮರುವರ್ಷ ಬಸಣ್ಣನಿಗೆ ಹೊಲದ ದುಡ್ಡೂ ಬಂತು, ಮುತ್ಯಾನ ಸಮಾಧಿಗೆ ಬೇರೆ ದುಡ್ಡೂ ಬಂತು, ಇಂಥ ತಾರೀಖಿನೊಳಗೆ ಸ್ಥಳಾಂತರ ಮಾಡಿಕೊಳ್ಳಿ ಎಂಬ ಕಾಗದವೂ ಬಂತು. ಸ್ವಾಮಿಗಳನ್ನು ಕರೆಸಿ, ಭಜನೆಯವರನ್ನು ಕರೆಸಿ, ಮುತ್ಯಾನನ್ನು ಬಿಳಿ ಬಟ್ಟೆಯಲ್ಲಿ ಕಟ್ಟಿ ಮೇಲಿನ ಹೊಲಕ್ಕೆ ಒಯ್ದರು. ಸುಗಲಾಬಾಯಿ ಬದುವಿನ ಮೇಲೆ ನಿಂತು ನೋಡಿದಳು.

"ವೈನಿ, ನಮ್ಮ ಅಣ್ಣನ ಯಾವಾಗ ಒಯ್ತೀರಿ?" ಎಂದು ಕೇಳಿದ ಬಸಣ್ಣ. ಕುಟುಕಲೆಂದು ಕೇಳಿದ್ದಲ್ಲ.

ಅವಳಿಗೂ ಹೊಲದ ಪರಿಹಾರ ಬಂತು. ಬಂದಿಲ್ಲ ಎಂದು ಸುಳ್ಳು ಬರೆಯಲಾರೆ. ಆದರೆ ಅವಳಿಗೆ ಬೇಕಾದದ್ದು ಬೇರೆ. ಮಷಿನ್ ಬರುವ ಮೊದಲು ಗಂಡನನ್ನು ಎತ್ತಿಕೊಳ್ಳಬೇಕು. ದುಡ್ಡು ಕೈಗೆ ಬರುವವರೆಗೆ ಹೆದರಿ ಆ ಜಾಗ ಮುಟ್ಟಿರಲಿಲ್ಲ; ಬರುವಷ್ಟರಲ್ಲಿ ಹೊಲ ಸರಕಾರದ ತಾಬೆಗೆ ಹೋಗಿತ್ತು, ಸುತ್ತ ತಂತಿ ಬಿದ್ದಿತ್ತು, ಅಗೆಯುವಂತಿರಲಿಲ್ಲ. ಅನುಮತಿಗಾಗಿ ಸೊಲ್ಲಾಪುರದ ಕಚೇರಿಯೊಂದಕ್ಕೆ ನಾಲ್ಕು ಸಲ ಎಸ್ಟಿ ಬಸ್ಸಿನಲ್ಲಿ ಹೋದಳು. ನಾಲ್ಕನೆಯ ಸಲ ಕನ್ನಡ ಬಲ್ಲ ಗುಮಾಸ್ತ ಸಿಕ್ಕ. ದೇವರು ಸಿಕ್ಕಷ್ಟು ಖುಷಿಯಾಯಿತು ಅವಳಿಗೆ.

"ದುಡ್ಡ ಬ್ಯಾಡ್ರಿ ಸಾಹೇಬ್ರ. ಒಂದ ದಿನ ಕೊಡ್ರಿ. ಮಾಲಕರನ್ನ ತಗೊಂಡ್ ಹೋಗ್ತೀವಿ."

"ಯಾರ್ ಮಾಲಕ್ರು?"

"ನಮ್ಮ ಮಾಲಕ್ರರಿ. ಹೊಲದಾಗ ಅದಾರ." ಗಂಡನಿಗೆ ನಮ್ಮ ಕಡೆ ಹೆಂಗಸರು ಹಾಗೆನ್ನುತ್ತಾರೆ.

ಗುಮಾಸ್ತ ಫೈಲು ತಿರುವಿ ಅಡ್ಡಗೆರೆಯ ಮೇಲೆ ಬೆರಳಿಟ್ಟ. "ಇಲ್ಲಿ ಏನೂ ಇಲ್ಲಲ್ಲ ಆಜಿ. ಸಹಿ ಯಾರದು, ನಿಮ್ಮದ ಹೌದಲ್ಲ?"

"ನನ್ನದರಿ. ಅವಾಗ ಸುಳ್ಳ ಹೇಳೀನಿ."

"ಅವಾಗ ಸುಳ್ಳ ಹೇಳಿದವ್ರು ಈಗ ಖರೇ ಹೇಳ್ತೀರಿ ಅಂತ ಹೆಂಗ ನಂಬೂದು? ಬಾಜೂದವಗ ಸಮಾಧಿ ರೊಕ್ಕ ಬಂತಲ್ಲ, ಅದನ್ನ ನೋಡಿ ಬಂದೀರಿ. ಇಂಥಾವ್ರು ದಿನಾ ನಾಕ ಮಂದಿ ಬರ್ತಾರ."

ಹನ್ನೊಂದು ವರ್ಷ ಗಂಡನ ಎದುರಿಗೆ ಉಂಡವಳಿಗೆ, ಗಂಡನ ಹೆಣ ತೋರಿಸಿ ರೊಕ್ಕ ಕೇಳಲು ಬಂದವಳು ಎಂಬ ಮಾತು. ಗುಮಾಸ್ತನಿಗೂ ಸ್ವಲ್ಪ ನಾಚಿಕೆಯಾಗಿರಬೇಕು. "ಅರ್ಜಿ ಕೊಟ್ಟ ಹೋಗ್ರಿ. ಸಾಹೇಬ್ರು ಜಾಗಾ ನೋಡ್ಲಾಕ ಬರ್ತಾರ," ಎಂದ.

ಸಾಹೇಬರಿಗಿಂತ ಮೊದಲು ಮಷಿನ್ ಬಂತು. ೨೦೨೪ರ ಜನವರಿ, ಮುಂಜಾನೆ ಒಂಬತ್ತು. ಶಾಂತಲಿಂಗಪ್ಪ ಅಂಗಡಿ ಬಿಟ್ಟು ಮೋಟರ್ ಸೈಕಲ್ಲಿನಲ್ಲಿ ಸ್ವಾಮಿಗಳನ್ನು ಕೂಡಿಸಿಕೊಂಡು ಬಂದ. ಬಸಣ್ಣ ಮನೆಯ ಗಂಡಸರನ್ನು, ಗುದ್ದಲಿಗಳನ್ನು ತಂದ. ಕಂಪನಿಯ ಸೂಪರ್‌ವೈಜರ್ ಉತ್ತರದ ಕಡೆಯವನು. ವಿಷಯ ಹೇಳಿದಾಗ ಕೈ ಮುಗಿದು ಮಷಿನ್ ಬಂದ್ ಮಾಡಿಸಿದ. "ಮಾತಾಜಿ, ಏಕ್ ಘಂಟಾ," ಎಂದ. ಇಡೀ ಪ್ರಕರಣದಲ್ಲಿ ಮನುಷ್ಯನಂತೆ ನಡೆದುಕೊಂಡ ಒಬ್ಬನೇ ಒಬ್ಬನಿಗೆ ಯಾವ ಅಧಿಕಾರವೂ ಇರಲಿಲ್ಲ.

"ಅವ್ವಾ, ತೋರ್ಸು. ಎಲ್ಲಿ?" ಎಂದ ಮಗ.

ಸುಗಲಾಬಾಯಿ ನಾಲ್ಕು ಹೆಜ್ಜೆ ನಡೆದು ನಿಂತಳು. ಆ ಬದಿ ನೋಡಿದಳು, ಈ ಬದಿ ನೋಡಿದಳು. ಬದುವಿನಿಂದ ಹದಿನೆಂಟು ಹೆಜ್ಜೆ, ಬನ್ನಿ ಗಿಡದಿಂದ ಆರು. ಅವಳಿಗೆ ಲೆಕ್ಕ ಬಾಯಿಪಾಠವಿತ್ತು. ಆದರೆ ಬದುವನ್ನು ಡೋಜರು ಹಿಂದಿನ ವಾರವೇ ನೆಲಸಮ ಮಾಡಿತ್ತು. ಬನ್ನಿ ಗಿಡ ಬೇರುಸಮೇತ ಹೋಗಿತ್ತು. ಮೇಲಿನ ಗೇಣು ಮಣ್ಣನ್ನು ಕೆರೆದು ಒಯ್ದಿದ್ದರು. ಎಲ್ಲಿ ನೋಡಿದರೂ ಒಂದೇ ಬಣ್ಣದ ಸಪಾಟು ನೆಲ, ಟೈರಿನ ಗುರುತು.

"ಇಲ್ಲಿ," ಎಂದಳು.

ಎದೆಯ ಆಳಕ್ಕೆ ಅಗೆದರು. ಕರಿಮಣ್ಣು, ಅದರ ಕೆಳಗೆ ಗರಸು. ಗರಸು ಗಟ್ಟಿಯಾಗಿತ್ತು, ಯಾರೂ ಎಂದೂ ಅದನ್ನು ಅಗೆದದ್ದಲ್ಲ.

"ಇಲ್ಲಿ ನೋಡ್ರಿ."

ಅಲ್ಲೂ ಹಾಗೆಯೇ. ಒಂದು ಗಂಟೆ ಎರಡಾಯಿತು. ಗರಸು ತುಂಬಿದ ಟಿಪ್ಪರುಗಳು ಸಾಲಾಗಿ ನಿಂತು ಹಾರ್ನ್ ಹೊಡೆಯತೊಡಗಿದವು. ಮೂರನೆಯ ಗುಂಡಿ ಸೊಂಟದ ಆಳಕ್ಕೆ ಬಂದಾಗ ಶಾಂತಲಿಂಗಪ್ಪ ಗುದ್ದಲಿ ಒಗೆದ.

"ಕಲ್ಲ ಯಾಕ ಕಿತ್ತಿ? ಕಿತ್ತಿದ್ರ ಕಿತ್ತಿ, ಒಂದ ಗೂಟನಾರ ಬಡೀಬೇಕಿಲ್ಲ? ನಮ್ಮಪ್ಪನ್ನ ನೀನ ಕಳದಿ!"

"ಹೌದಪಾ," ಎಂದಳು ಸುಗಲಾಬಾಯಿ. "ನಾನ ಕಳದೀನಿ."

ಸ್ವಾಮಿಗಳು ನಡುವೆ ಬಂದರು. "ಸುಗಲವ್ವ, ಒಂದ ಹಿಡಿ ಮಣ್ಣ ತಗೋರಿ. ಅದನ್ನ ಇಟ್ಟ ಗದ್ದಿಗಿ ಮಾಡೂಣು. ನಡೀತೈತಿ."

"ಯಾವ ಮಣ್ಣ ತಗೊಳ್ಳಿರಿ ಅಪ್ಪಾರ? ಇದ್ ಜ್ವಾಳದ ಮಣ್ಣ. ಅವರ ಮಣ್ಣ ನಾ ಕಂಡ್ರ ಗುರ್ತ ಹಿಡೀತೀನಿ. ಇದಲ್ಲ ಅದು."

ಅವಳೇ ಸೂಪರ್‌ವೈಜರನ ಹತ್ತಿರ ಹೋಗಿ, ಚಾಲೂ ಮಾಡು ಎಂದು ಕೈಸನ್ನೆ ಮಾಡಿದಳು. ಮೂರೂ ಗುಂಡಿಗಳನ್ನು ಮುಚ್ಚಲು ಮಷಿನ್‌ಗೆ ಮೂರು ನಿಮಿಷ ಸಾಕಾಯಿತು.

ಕಚೇರಿಯ ಸಾಹೇಬರು ಜಾಗ ನೋಡಲು ಬಂದದ್ದು ಮೇ ತಿಂಗಳಿನಲ್ಲಿ. ಆಗ ಆ ಹೊಲದ ಮೇಲೆ ಹತ್ತು ಅಡಿ ಮಣ್ಣಿನ ಭರಾವು ಬಿದ್ದು, ಅದರ ಮೇಲೆ ಜಲ್ಲಿಕಲ್ಲಿನ ಖಡಿ ಬಿದ್ದಾಗಿತ್ತು. ಅವರು ಖಡಿಯ ಮೇಲೆ ಜೀಪು ನಿಲ್ಲಿಸಿ, ಇಳಿದು, ನೋಡಿ ಹೋದರು. ವಾರದಲ್ಲಿ ಉತ್ತರ ಬಂತು. ಈ ಸಲದ ಮರಾಠಿ ನಂದಾಳಿಗೆ ಸರಾಗವಾಗಿ ತಿಳಿಯಿತು: ಪ್ರತ್ಯಕ್ಷ ಸ್ಥಳ ಪರಿಶೀಲನೆ ಮಾಡಲಾಗಿ ಸದರಿ ಜಮೀನಿನಲ್ಲಿ ಯಾವುದೇ ಸಮಾಧಿ ಅಸ್ತಿತ್ವದಲ್ಲಿಲ್ಲ, ಅರ್ಜಿ ಮುಗಿಸಲಾಗಿದೆ.

ಸುಗಲಾಬಾಯಿ ಆ ಸಾಲನ್ನು ಕನ್ನಡದಲ್ಲಿ ಎರಡು ಸಲ ಹೇಳಿಸಿಕೊಂಡಳು.

"ನಂದಾ, ಒಂದ ಹಾಳಿ ತಗೋ. ಬರಿ," ಎಂದಳು. "ಇಲ್ಲ ಅಂತ ಬರೀಬ್ಯಾಡ್ರಿ. ಅದಾರ. ನಮಗ ಸಿಕ್ಕಿಲ್ಲ. ತಪ್ಪ ನಂದ ಐತಿ, ಅದನ್ನೂ ಬರಕೋರಿ. ಆದ್ರ ಇಲ್ಲ ಅಂತ ಬರದದ್ದನ್ನ ಹೊಡದ ಹಾಕ್ರಿ."

"ಅತ್ಯಾ, ಅದರಿಂದ ಏನ್ ಬರೂದೈತಿ ನಮಗ?"

"ಏನೂ ಬರೂದಿಲ್ಲ. ಬರಿ ನೀ."

ನಂದಾ ಬರೆದಳು. ಸುಗಲಾಬಾಯಿ ತಾನೇ ಸೊಲ್ಲಾಪುರಕ್ಕೆ ಹೋಗಿ ಕೊಟ್ಟು, ಪ್ರತಿಯ ಮೇಲೆ ಕಚೇರಿಯ ಶಿಕ್ಕೆ ಒತ್ತಿಸಿಕೊಂಡು ಬಂದಳು. ಏಳು ತಿಂಗಳಾದವು. ಒಂದು ಸಾಲು ಹೊಡೆದು ಹಾಕಲು ಯಾವ ಅಧಿಕಾರಿಗೆ ಅಧಿಕಾರವಿದೆ ಎಂಬುದು ಇನ್ನೂ ತೀರ್ಮಾನವಾಗಿಲ್ಲವಂತೆ.